ಲಿನಕ್ಸ್ ಮೇಲೆ ಆಟ: ಲೋಕಿಯಿಂದ ಪ್ರೋಟಾನ್‌ವರೆಗೆ

ಕಂಪ್ಯೂಟರ್ ಆಟ ತಯಾರಿಸುವವರು ಅದನ್ನು ವಿಂಡೋಸ್‌ಗೆ ಮಾತ್ರ ಬರೆದರೆ ಸಾಕೆ, ಲಿನಕ್ಸ್‌ಗೂ ಒಗ್ಗಿಸಬೇಕೆ? ಈ ಪ್ರಶ್ನೆಗೆ ಕೈಯಿಂದ ಹಣ ಹಾಕಿ ಉತ್ತರ ಹುಡುಕಿದವರು ಸ್ಕಾಟ್ ಡ್ರೇಕರ್. ವಕೀಲರಾಗಿದ್ದ ಅವರು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ತೆರೆದರು. ಹೆಸರು ನಾರ್ಸ್ ಪುರಾಣದ ತುಂಟ ದೇವರದು.

ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು. ವಿಂಡೋಸ್ ಓಡುವ ಯಂತ್ರದಲ್ಲೇ ಅದೂ ಓಡುತ್ತದೆ. ತೊಡಕಿರುವುದು ಭಾಷೆಯಲ್ಲಿ. ಪರದೆಗೆ ಚಿತ್ರ, ಸ್ಪೀಕರಿಗೆ ಸದ್ದು ಬೇಕಾದಾಗ ಆಟವು ವಿಂಡೋಸನ್ನು ಡೈರೆಕ್ಟ್‌ಎಕ್ಸ್ ಎಂಬ ಭಾಷೆಯಲ್ಲಿ ಕೇಳುತ್ತದೆ. ಲಿನಕ್ಸ್‌ಗೆ ಆ ಭಾಷೆ ತಿಳಿಯದು.

ಲೋಕಿ ಮೂಲ ತಯಾರಕರಿಂದ ಪರವಾನಗಿ ಪಡೆದು, ಆಟವನ್ನು ಲಿನಕ್ಸ್‌ಗೆ ಒಗ್ಗಿಸಿ, ತಾನೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿತ್ತು. 1999ರಲ್ಲಿ ‘ಸಿವಿಲೈಸೇಷನ್: ಕಾಲ್ ಟು ಪವರ್’ ಬಂತು. ಕೆಲಸ ಅಚ್ಚುಕಟ್ಟಾಗಿತ್ತು, ವ್ಯಾಪಾರ ಮಾತ್ರ ಕುದುರಲಿಲ್ಲ. ಲಿನಕ್ಸ್ ಅಭಿಮಾನಿಗಳಲ್ಲಿ ಬಹುಮಂದಿಯ ಯಂತ್ರದಲ್ಲಿ ವಿಂಡೋಸೂ ಇತ್ತು. ಹೊಸ ಆಟ ಬಂದೊಡನೆ ಅದನ್ನೇ ಕೊಂಡು ಆಡಿ ಮುಗಿಸಿದವರು, ತಡವಾಗಿ ಬಂದ ಲೋಕಿಯ ಪೆಟ್ಟಿಗೆಗೆ ಮತ್ತೆ ದುಡ್ಡು ಕೊಡುವರೇ? 2001ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಲಿನಕ್ಸ್‌ನಲ್ಲಿ ಆಟಕ್ಕೆ ಗಿರಾಕಿಯಿಲ್ಲ ಎನ್ನುವವರಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿರಲಿಲ್ಲ.

ಆದರೆ ಲೋಕಿಯ ಪ್ರಧಾನ ಪ್ರೋಗ್ರಾಮರ್ ಸ್ಯಾಮ್ ಲ್ಯಾಂಟಿಂಗಾ 1998ರಲ್ಲಿ ಆರಂಭಿಸಿದ್ದ ಎಸ್‌ಡಿಎಲ್ ಎಂಬ ಉಚಿತ ಉಪಕರಣ ಉಳಿಯಿತು. ಆಟಗಾರನ ಗುಂಡಿ, ಪರದೆ, ಸದ್ದುಗಳನ್ನು ಯಾವ ವ್ಯವಸ್ಥೆಯಲ್ಲಾದರೂ ಒಂದೇ ರೀತಿ ನಿಭಾಯಿಸುವ ಈ ಉಪಕರಣವನ್ನು ವಿಂಡೋಸ್ ಆಟಗಳವರೂ ಇಂದು ಬಳಸುತ್ತಾರೆ.

2012ರಲ್ಲಿ ಗಾಳಿ ತಿರುಗಿತು. ಆ ವರ್ಷ ಬಂದ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ತನ್ನದೇ ತಂತ್ರಾಂಶದಂಗಡಿ ತೆರೆಯಿತು. ಸ್ಟೀಮ್ ಎಂಬ ಆಟದಂಗಡಿ ನಡೆಸುವ ವಾಲ್ವ್ ಕಂಪನಿಯ ಗೇಬ್ ನ್ಯೂವೆಲ್, ಹಿಂದೆ ಮೈಕ್ರೋಸಾಫ್ಟಿನಲ್ಲೇ ದುಡಿದವರು, ಅದನ್ನು ಅನಾಹುತವೆಂದು ಕರೆದರು. ಬೇರೆಯವರ ಜಾಗದಲ್ಲಿ ಅಂಗಡಿ ಇಟ್ಟವನಿಗೆ ಜಾಗದೊಡೆಯನೇ ಪಕ್ಕದಲ್ಲಿ ಮಳಿಗೆ ತೆರೆದಾಗ ಹುಟ್ಟುವ ಭಯವದು. ಲಿನಕ್ಸ್ ಮೇಲಿನ ಪ್ರೀತಿಯೆನ್ನಲು ಬಾರದು. 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೂ ಬಂತು. 2015ರಲ್ಲಿ ಬಂದ ಸ್ಟೀಮ್ ಮಷೀನ್ ಎಂಬ ಲಿನಕ್ಸ್ ಯಂತ್ರಗಳು ಮಾತ್ರ ಮುಗ್ಗರಿಸಿದವು. ಆಡಬೇಕೆನಿಸುವ ದೊಡ್ಡ ಆಟಗಳೇ ಅವುಗಳಲ್ಲಿರಲಿಲ್ಲ.

ಒಬ್ಬೊಬ್ಬ ತಯಾರಕನನ್ನೂ ಬೇಡುವುದು ವ್ಯರ್ಥವೆಂದು ವಾಲ್ವ್ ಆಗ ಬೇರೆ ದಾರಿ ಹಿಡಿಯಿತು. 1993ರಿಂದ ಬೆಳೆದುಬಂದಿದ್ದ ವೈನ್ ಎಂಬ ತಂತ್ರಾಂಶದ ಮೇಲೆ ಕಟ್ಟಿ, 2018ರಲ್ಲಿ ಪ್ರೋಟಾನ್ ಎಂಬ ದುಭಾಷಿಯನ್ನು ತಂದಿತು. ವಿಂಡೋಸ್ ಆಟ ಕೇಳಿದ್ದನ್ನು ಅದು ಲಿನಕ್ಸ್‌ಗೆ ತಿಳಿಯುವಂತೆ ಒಪ್ಪಿಸುತ್ತದೆ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ಇದರ ಬಲದ ಮೇಲೆಯೇ ನಿಂತಿದೆ. ಲಿನಕ್ಸ್‌ಗೆಂದೇ ಲೋಕಿ ಒಗ್ಗಿಸಿದ ಹಳೆಯ ಆಟಗಳನ್ನು ಇಂದಿನ ಲಿನಕ್ಸ್‌ನಲ್ಲಿ ಓಡಿಸಲು ಹೆಣಗಬೇಕು. ಅದೇ ಕಾಲದ ಎಷ್ಟೋ ವಿಂಡೋಸ್ ಆಟಗಳು ದುಭಾಷಿಯ ನೆರವಿನಿಂದ ಸಲೀಸಾಗಿ ಓಡುತ್ತವೆ.

ಹೀಗಾಗಿ ತಯಾರಕನ ಮುಂದಿರುವ ಪ್ರಶ್ನೆ ಬದಲಾಗಿದೆ. ಬಹುಪಾಲು ಆಟಗಳಿಗೆ ಅವನು ಲಿನಕ್ಸ್‌ಗಾಗಿ ಹೊಸದಾಗಿ ಬರೆಯಬೇಕಿಲ್ಲ, ಅಡ್ಡಗಾಲು ಹಾಕದಿದ್ದರೆ ಸಾಕು. ಅಡ್ಡಗಾಲು ಬರುವುದು ಹೆಚ್ಚಾಗಿ ಪಂದ್ಯದ ಆಟಗಳಲ್ಲಿ. ಮೋಸಗಾರರನ್ನು ಹಿಡಿಯುವ ಕಾವಲು ತಂತ್ರಾಂಶ ಅನೇಕ ವೇಳೆ ವಿಂಡೋಸ್‌ನ ಒಳತಿರುಳಿನಲ್ಲೇ ಕೂತು ನಿಗಾ ಇಡುತ್ತದೆ. ಲಿನಕ್ಸ್‌ನಲ್ಲಿ ಆ ತಿರುಳನ್ನೇ ಆಟಗಾರ ತಿದ್ದಬಹುದಾದ್ದರಿಂದ ಕಾವಲಿನ ಭರವಸೆ ಕಡಿಮೆ. ಈ ವಾದ ಪೂರ್ತಿ ಪೊಳ್ಳಲ್ಲ. ಆದರೂ ಇದರ ಬೆಲೆ ತೆತ್ತವರು ಮೋಸಗಾರರಷ್ಟೇ ಅಲ್ಲ. ಸ್ಟೀಮ್ ಡೆಕ್‌ನಲ್ಲಿ ಆಡಲು 2022ರಲ್ಲಿ ಅವಕಾಶ ಕೊಟ್ಟಿದ್ದ ‘ಏಪೆಕ್ಸ್ ಲೆಜೆಂಡ್ಸ್’ ತಯಾರಕರು, ಲಿನಕ್ಸ್ ಮೋಸದಾಟಕ್ಕೆ ದಾರಿಯಾಗಿದೆಯೆಂದು 2024ರ ಅಕ್ಟೋಬರ್ 31ರಂದು ಅದನ್ನು ಹಿಂತೆಗೆದುಕೊಂಡರು. ಆಟದೊಳಗಿನ ವೇಷಭೂಷಣಗಳಿಗೆ ಹಣ ಸುರಿದಿದ್ದ ಪ್ರಾಮಾಣಿಕ ಆಟಗಾರರಿಗೂ ಅಲ್ಲಿ ಬಾಗಿಲು ಮುಚ್ಚಿತು.