ಮತ್ಸರ, ಬಲಿ ಮತ್ತು ಧರ್ಮ: ರೆನೆ ಜಿರಾರ್ ಅವರ ವಿಚಾರ

ಅರಿಷಡ್ವರ್ಗಗಳಲ್ಲಿ ಮತ್ಸರವನ್ನು ಕಡೆಯಲ್ಲಿ ಹೇಳುವುದು ರೂಢಿ. ಕಾಮ ಕ್ರೋಧಗಳ ವಿಷಯದಲ್ಲಿ ನಾವು ಆಡುವಷ್ಟು ಮಾತನ್ನು ಮತ್ಸರದ ವಿಷಯದಲ್ಲಿ ಆಡುವುದಿಲ್ಲ. ಈ ಕಡೆಯದನ್ನೇ ಮೊದಲಿಗಿಟ್ಟು, ಹಿಂಸೆಯ ಮತ್ತು ಧಾರ್ಮಿಕ ಆಚರಣೆಗಳ ಮೂಲವನ್ನು ಅದರಲ್ಲಿಯೇ ಅರಸಿದವರು ಫ್ರಾನ್ಸ್ ದೇಶದ ಚಿಂತಕ ರೆನೆ ಜಿರಾರ್ (1923–2015). ಆವಿನ್ಯೋನ್ ನಗರದಲ್ಲಿ ಜನಿಸಿದ ಇವರು 1947ರಲ್ಲಿ ಅಮೆರಿಕೆಗೆ ತೆರಳಿ ಅಲ್ಲಿಯೇ ಪ್ರಾಧ್ಯಾಪಕರಾದರು. 2005ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು.

ಮನುಷ್ಯನ ಬಯಕೆ ಅವನದೇ ಅಲ್ಲ, ಮತ್ತೊಬ್ಬನನ್ನು ನೋಡಿ ಕಲಿತದ್ದು ಎಂಬುದು ಜಿರಾರ್ ಅವರ ಮೂಲ ಪ್ರಮೇಯ. ಸರ್ವಾಂಟಿಸ್, ಸ್ಟೆಂಢಾಲ್, ದಸ್ತಯೇವ್‌ಸ್ಕಿ ಮೊದಲಾದವರ ಕಾದಂಬರಿಗಳನ್ನು ಆಧರಿಸಿ 1961ರ ಗ್ರಂಥದಲ್ಲಿ ಅವರು ಇದನ್ನು ಮಂಡಿಸಿದರು. ಹಲವು ಆಟಿಕೆಗಳಿರುವ ಕೋಣೆಯಲ್ಲಿ ಒಂದು ಮಗು ಎತ್ತಿಕೊಂಡ ಆಟಿಕೆಯೇ ಇನ್ನೊಂದಕ್ಕೂ ಬೇಕಾಗುತ್ತದೆ. ನಾವು ಅನುಕರಿಸುವ ವ್ಯಕ್ತಿ ನಮ್ಮಿಂದ ಬಹುದೂರದಲ್ಲಿದ್ದರೆ ಅವನು ಆದರ್ಶವಾಗಿಯೇ ಉಳಿಯುತ್ತಾನೆ, ಹತ್ತಿರದವನಾದರೆ ಪ್ರತಿಸ್ಪರ್ಧಿಯಾಗುತ್ತಾನೆ. ದೂರದ ಅರಮನೆಯ ಸಿರಿ ನಮ್ಮ ನಿದ್ದೆಯನ್ನು ಕೆಡಿಸದು. ಪಕ್ಕದ ಮನೆಯ ಹೊಸ ಜೋಡೆತ್ತು ಕೆಡಿಸುತ್ತದೆ. ದಾಯಾದಿ ಮತ್ಸರವೆಂಬ ಮಾತನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಸ್ಪರ್ಧೆ ಸಮುದಾಯವನ್ನೆಲ್ಲ ವ್ಯಾಪಿಸಿದಾಗ ಜಗಳದ ಮೂಲ ವಸ್ತು ಮರೆತುಹೋಗಿ ಹಗೆಯೊಂದೇ ಉಳಿಯುತ್ತದೆ. ಆಗ ಎಲ್ಲರ ರೋಷವೂ ಒಬ್ಬನ ಮೇಲೆ ತಿರುಗುತ್ತದೆ. ಅವನು ಪರಸ್ಥಳದವನೋ ಅಂಗವಿಕಲನೋ ದಿಕ್ಕಿಲ್ಲದವನೋ ಆಗಿರುತ್ತಾನೆ. ಅವನನ್ನು ಕೊಂದ ಬಳಿಕ ಊರು ಶಾಂತವಾಗುತ್ತದೆ, ಆ ಶಾಂತಿಯೇ ಅವನ ಅಪರಾಧಕ್ಕೆ ಸಾಕ್ಷಿಯೆಂದು ಜನ ನಂಬುತ್ತಾರೆ. ಈ ಮೊದಲ ಕೊಲೆಯ ವಿಧಿಬದ್ಧ ಪುನರಾವರ್ತನೆಯೇ ಬಲಿಯೆಂದು ಜಿರಾರ್ 1972ರ ‘ಹಿಂಸೆ ಮತ್ತು ಪವಿತ್ರ’ ಎಂಬ ಅರ್ಥದ ಹೆಸರಿನ ಗ್ರಂಥದಲ್ಲಿ ವಾದಿಸಿದರು. ಪ್ರಾಚೀನ ಗ್ರೀಸಿನಲ್ಲಿ ನಗರದ ಕೇಡನ್ನು ಹೊರಿಸಿ ಹೊರದೂಡುತ್ತಿದ್ದ ‘ಫಾರ್ಮಕೋಸ್’ ಎಂಬ ದೀನನ ಪದ್ಧತಿ ಅವರಿಗೆ ದೊರೆತ ಪ್ರಬಲ ನಿದರ್ಶನ.

ಯುರೋಪಿನ ಮಹಾಮಾರಿಯ ಕಾಲವನ್ನೂ ಅವರು ಪರಿಶೀಲಿಸಿದರು. ಯೆಹೂದಿಗಳು ಬಾವಿಗಳಿಗೆ ವಿಷವಿಕ್ಕಿದರೆಂಬ ಸುದ್ದಿ ಆಗ ಊರೂರಿಗೆ ಹಬ್ಬಿತ್ತು. ಸ್ಟ್ರಾಸ್‌ಬರ್ಗ್ ನಗರದಲ್ಲಿ 1349ರ ಫೆಬ್ರವರಿ 14ರಂದು ನೂರಾರು ಯೆಹೂದಿಗಳನ್ನು ಸುಡಲಾಯಿತು. ವ್ಯಾಧಿ ಆ ನಗರವನ್ನು ಅದುವರೆಗೆ ಮುಟ್ಟಿಯೇ ಇರಲಿಲ್ಲ! ಅವರಿಂದ ಪಡೆದ ಸಾಲಗಳು ರದ್ದಾದವು, ಅವರ ಹಣ ಹಂಚಿಹೋಯಿತು. ಇಲ್ಲಿ ಭಯದೊಡನೆ ಲೋಭವೂ ಕೈಗೂಡಿಸಿತ್ತೆಂಬುದನ್ನು ನಾವು ಮರೆಯಲಾಗದು. ಎಲ್ಲವನ್ನೂ ಅನುಕರಣೆಯೊಂದರಿಂದಲೇ ವಿವರಿಸಹೊರಟರೆ ಈ ಲೆಕ್ಕ ತಪ್ಪಿಹೋಗುತ್ತದೆ.

ಭಾರತದ ಓದುಗರಿಗೆ ಹೆಚ್ಚು ಪ್ರಸ್ತುತವಾದುದು 2002ರಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬ್ರಾಹ್ಮಣ ಗ್ರಂಥಗಳನ್ನು ಕುರಿತು ಅವರು ನೀಡಿದ ಉಪನ್ಯಾಸಗಳು. ದೇವತೆಗಳೂ ಅಸುರರೂ ಒಬ್ಬನೇ ಪ್ರಜಾಪತಿಯ ಮಕ್ಕಳು. ಒಬ್ಬರಿಗೆ ಬೇಕಾದುದೇ ಇನ್ನೊಬ್ಬರಿಗೂ ಬೇಕು. ಆ ಕಲಹ ಕೊನೆಗೊಳ್ಳುವುದು ಯಜ್ಞದಲ್ಲಿ. ಜಿರಾರ್ ಇಲ್ಲಿ ತಮ್ಮ ಸಿದ್ಧಾಂತದ ಪ್ರತಿಬಿಂಬವನ್ನೇ ಕಂಡರು. ಸಂಸ್ಕೃತವನ್ನು ಬಲ್ಲವರಲ್ಲದ ಅವರು ಸಿಲ್ವಾಂ ಲೆವಿಯವರ 1898ರ ಅಧ್ಯಯನವನ್ನು ಅವಲಂಬಿಸಿದ್ದರು. ಬಲಿಯನ್ನು ಒಳಗಿನಿಂದಲೇ ಪ್ರಶ್ನಿಸಿದ ಧಾರೆ ಭಾರತದಲ್ಲಿಯೂ ಉಂಟೆಂದು ಅವರು ಒಪ್ಪಿಕೊಂಡರು. ಯಜ್ಞಪಶುವಿನ ಪರವಾಗಿ ದನಿಯೆತ್ತಿದ ಹನ್ನೆರಡನೆಯ ಶತಮಾನದ ಶರಣರು ಆ ಧಾರೆಗೆ ಸಲ್ಲತಕ್ಕವರೆಂದು ನಾವು ಭಾವಿಸುತ್ತೇವೆ.

ಕ್ಯಾಥೊಲಿಕ್ ಶ್ರದ್ಧೆಯ ಜಿರಾರ್, ಬಲಿಯಾದವನು ನಿರಪರಾಧಿಯೆಂಬುದನ್ನು ಪೂರ್ಣವಾಗಿ ಬಯಲುಮಾಡಿದ್ದು ಕ್ರೈಸ್ತ ಸುವಾರ್ತೆಗಳೇ ಎಂದು ನಂಬಿದ್ದರು. ಆ ಹಿರಿಮೆಯನ್ನು ಒಂದೇ ಪರಂಪರೆಗೆ ಕೊಟ್ಟುದನ್ನು ಅನೇಕ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಮೊದಲ ಕೊಲೆಯನ್ನು ಕಥೆಗಳು ಮರೆಮಾಚಿವೆ ಎನ್ನುವವರು ಆ ಮೌನವನ್ನೇ ಪ್ರಮಾಣವಾಗಿ ತೋರಿಸುವುದು ಎಷ್ಟು ಸರಿ ಎಂಬ ಪ್ರಶ್ನೆಯೂ ಉಂಟು. ಆದರೆ ಸ್ಟ್ರಾಸ್‌ಬರ್ಗಿನ ವಿಷಯದಲ್ಲಿ ಹಾಗಿಲ್ಲ: ಅಲ್ಲಿ ಸುಟ್ಟವರ ಕಡೆಯವರೇ ವೃತ್ತಾಂತವನ್ನು ಬರೆದಿಟ್ಟಿದ್ದಾರೆ, ಸಾಲಪತ್ರಗಳು ಏನಾದವೆಂಬುದನ್ನೂ ಸೇರಿಸಿ.