ಅಪರಾಧ ಕಡತಗಳೊಳಗಿನ ಊರ ಚರಿತ್ರೆ: ಬಳ್ಳಾರಿ ಸೀಮೆಯ ಪಶ್ಚಿಮ ತಾಲ್ಲೂಕುಗಳ ನ್ಯಾಯಾಲಯ ದಾಖಲೆಗಳನ್ನು ಅರಸುವ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಗಳಿ, ಬಾಗಳಿ, ಕುರುವತ್ತಿಗಳ ಶಾಸನಗಳಿಂದ ತೊಡಗುತ್ತಾರೆ. ಅಲ್ಲಿಂದ ಪಾಳೆಯಗಾರರ ಕೈಫಿಯತ್ತುಗಳಿಗೆ ಬಂದು, ಥಾಮಸ್ ಮನ್ರೋನ ರಯತವಾರಿ ಪದ್ಧತಿಯನ್ನು ಮುಟ್ಟಿ ನಿಲ್ಲುತ್ತಾರೆ. ಆ ಬಳಿಕದ ಎರಡು ಶತಮಾನಗಳಲ್ಲಿ ಸಾಮಾನ್ಯ ಜನರ ಮಾತು ಬರಹಕ್ಕಿಳಿದ ಒಂದು ದೊಡ್ಡ ಆಕರದತ್ತ ನಮ್ಮ ದೃಷ್ಟಿ ಹೆಚ್ಚು ಹರಿದಿಲ್ಲ. ಅದು ಅಪರಾಧ ಪ್ರಕರಣಗಳ ನ್ಯಾಯಾಲಯ ಕಡತ. ಶಾಸನದಲ್ಲಿ ಮಾತನಾಡುವವರು ದಾನಿಗಳು, ಅರಸರು, ಮಹಾಜನರು. ಕಡತದಲ್ಲಿ ಕುರಿ ಕಾಯುವವನೂ ಕೂಲಿಯ ಹೆಂಗಸೂ ಸಾಕ್ಷಿಕಟ್ಟೆಯಲ್ಲಿ ನಿಂತು, ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ‘ಅರಮನೆ’ ಕಾದಂಬರಿಯಲ್ಲಿ ಮನ್ರೋನ ಕಾಲದ ಈ ಸೀಮೆಯನ್ನು ಕಲ್ಪನೆಯಿಂದ ಕಟ್ಟಿದರು. ಅಂತಹ ಕೃತಿಗಳನ್ನು ಅಭ್ಯಸಿಸುವ ವಿದ್ಯಾರ್ಥಿಗೆ, ಇದೇ ನೆಲದ ಜನ ನ್ಯಾಯಾಧೀಶನ ಮುಂದೆ ಹೇಗೆ ಮಾತನಾಡಿದರೆಂಬುದು ಉಪೇಕ್ಷಿಸತಕ್ಕ ವಿಷಯವಲ್ಲ.

ಅಮೆರಿಕದ ಕೌಂಟಿಗಳಲ್ಲಿ ಘೋರಾಪರಾಧಗಳನ್ನು ‘ಫೆಲೊನಿ’ ಎಂದು ಕರೆದು, ಅವುಗಳ ಕಡತಗಳನ್ನು ಆಯಾ ಕೌಂಟಿಯ ನ್ಯಾಯಾಲಯದ ಗುಮಾಸ್ತರ ಕಚೇರಿಯಲ್ಲಿ ಇರಿಸುವುದು ರೂಢಿ. ಹೆಸರು ಮತ್ತು ವರ್ಷ ಗೊತ್ತಿದ್ದರೆ ಅಲ್ಲಿ ಹುಡುಕಾಟ ಆರಂಭವಾಗುತ್ತದೆ. ನಮ್ಮ ಕಾನೂನಿನಲ್ಲಿ ಆ ಹೆಸರಿನ ವರ್ಗವಿಲ್ಲ. ಮರಣದಂಡನೆ, ಆಜೀವ ಕಾರಾವಾಸ ಅಥವಾ ಎರಡು ವರ್ಷಕ್ಕೆ ಮೀರಿದ ಸೆರೆವಾಸಕ್ಕೆ ಅರ್ಹವಾದ ಅಪರಾಧಗಳು ವಾರಂಟು ಪ್ರಕರಣಗಳು. ಅವುಗಳಲ್ಲಿ ಕೊಲೆ, ಡಕಾಯಿತಿಯಂತಹವು ಸತ್ರ ನ್ಯಾಯಾಲಯದಲ್ಲಿ ವಿಚಾರಣೆಗೊಳ್ಳುತ್ತವೆ. ಆದ್ದರಿಂದ ಇಲ್ಲಿನ ಸಂಶೋಧಕನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ಅಪರಾಧ ಯಾವ ದರ್ಜೆಯದು? ಅದು ನಡೆದ ಕಾಲದಲ್ಲಿ ಆ ಊರು ಯಾವ ನ್ಯಾಯಾಲಯದ ಅಧೀನದಲ್ಲಿತ್ತು?

ಎರಡನೆಯ ಪ್ರಶ್ನೆ ಈ ಸೀಮೆಯಲ್ಲಿ ಸುಲಭವಾದುದಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇದು ಮದ್ರಾಸ್ ಅಧಿಪತ್ಯಕ್ಕೆ ಸೇರಿತು. 1816ರ ಸುಧಾರಣೆಗಳು ದಂಡಾಧಿಕಾರವನ್ನೂ ಪೊಲೀಸ್ ಅಧಿಕಾರವನ್ನೂ ಜಿಲ್ಲಾ ನ್ಯಾಯಾಧೀಶರಿಂದ ಕಲೆಕ್ಟರರಿಗೆ ವರ್ಗಾಯಿಸಿದವು. ಘೋರಾಪರಾಧಗಳ ಪರಮಾಧಿಕಾರ ಮದ್ರಾಸಿನ ಫೌಜುದಾರಿ ಅದಾಲತ್ತಿನದಾಗಿತ್ತು. 1862ರಲ್ಲಿ ಅದರ ಸ್ಥಾನವನ್ನು ಮದ್ರಾಸ್ ಹೈಕೋರ್ಟು ಪಡೆಯಿತು. ಭಾರತೀಯ ದಂಡ ಸಂಹಿತೆ ಜಾರಿಗೆ ಬಂದದ್ದೂ ಅದೇ ವರ್ಷದ ಜನವರಿ 1ರಂದು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಉಳಿದ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಅಂದರೆ ಅಂದಿಗೆ ಮೊದಲು ತೀರ್ಮಾನವಾದ ಕೂಡ್ಲಿಗಿಯ ಒಂದು ಕೊಲೆ ಪ್ರಕರಣದ ಮೇಲ್ಮನವಿಯನ್ನು ಬೆಂಗಳೂರಿನಲ್ಲಿ ಅರಸಿ ಫಲವಿಲ್ಲ. ಅದರ ಜಾಡು ಇರುವುದು ಚೆನ್ನೈಯಲ್ಲಿ.

ಹರಪನಹಳ್ಳಿಯ ಪಾಡು ಇನ್ನೂ ಜಟಿಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದು ಅತ್ತ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳೊಂದಿಗೆ ವಿಜಯನಗರ ಜಿಲ್ಲೆಯೊಳಗಾಯಿತು. ಹೈಕೋರ್ಟಿನ ಧಾರವಾಡ ಸಂಚಾರಿ ಪೀಠ 2008ರಲ್ಲಿ ಆರಂಭಗೊಂಡು 2013ರಲ್ಲಿ ಕಾಯಂ ಪೀಠವಾಯಿತು. ಬಳ್ಳಾರಿಯ ಮೇಲ್ಮನವಿಗಳು ಆ ಪೀಠಕ್ಕೂ ದಾವಣಗೆರೆಯವು ಬೆಂಗಳೂರಿನ ಪ್ರಧಾನ ಪೀಠಕ್ಕೂ ಹೋಗುತ್ತವೆ. ಹೀಗೆ ಒಂದೇ ಊರಿನ ಕಡತಗಳು ಕಾಲಾನುಕ್ರಮದಲ್ಲಿ ಚೆನ್ನೈ, ಬೆಂಗಳೂರು, ಧಾರವಾಡಗಳಲ್ಲಿ ಹಂಚಿಹೋಗಿರುವ ಸಂಭವವುಂಟು. ಕಂದಾಯ ಜಿಲ್ಲೆಯ ಬದಲಾವಣೆಯೂ ನ್ಯಾಯಾಂಗ ಜಿಲ್ಲೆಯ ಬದಲಾವಣೆಯೂ ಒಂದೇ ದಿನ ಆಗಬೇಕೆಂದಿಲ್ಲವಾದ್ದರಿಂದ, ಸಂಧಿಕಾಲದ ಪ್ರಕರಣಗಳನ್ನು ಎರಡೂ ಕಡೆ ನೋಡುವುದು ಕ್ಷೇಮ. ಕೊಟ್ಟೂರು ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಅಲ್ಲಿನ ಹಳೆಯ ಪ್ರಕರಣಗಳು ಕೂಡ್ಲಿಗಿಯ ಹೆಸರಿನಲ್ಲಿಯೇ ಇರುತ್ತವೆ.

ಸತ್ರ ಪ್ರಕರಣವೊಂದರ ಕಡತದಲ್ಲಿ ಏನೇನಿರುತ್ತದೆಂಬುದನ್ನು ಅರಿತರೆ ಶ್ರಮದ ಬೆಲೆ ತಿಳಿಯುತ್ತದೆ. ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಶವಪಂಚನಾಮೆ, ವೈದ್ಯರ ಪರೀಕ್ಷಾ ವರದಿ, ದೋಷಾರೋಪ ಪಟ್ಟಿ, ಸಾಕ್ಷಿಗಳ ಹೇಳಿಕೆ, ಆರೋಪಿಯ ಹೇಳಿಕೆ, ಕೊನೆಗೆ ತೀರ್ಪು. ಮಹಜರಿನಲ್ಲಿ ಮನೆಯ ಅಂಕಣ, ಹೊಲದ ಬದು, ಊರ ಕೇರಿಗಳ ಅಂತರ, ಮನೆಯ ಸಾಮಾನುಗಳ ಪಟ್ಟಿ ದೊರೆಯುತ್ತವೆ. 1973ರ ದಂಡ ಪ್ರಕ್ರಿಯಾ ಸಂಹಿತೆಗಿಂತ ಹಿಂದಿನ ಕಡತಗಳಲ್ಲಿ ಮತ್ತೊಂದು ವಿಶೇಷವಿದೆ. ಆಗ ಪ್ರಕರಣವನ್ನು ಸತ್ರ ನ್ಯಾಯಾಲಯಕ್ಕೆ ಒಪ್ಪಿಸುವ ಮುನ್ನ ದಂಡಾಧಿಕಾರಿಯು ಪ್ರಾಥಮಿಕ ವಿಚಾರಣೆ ನಡೆಸಿ ಸಾಕ್ಷಿಗಳ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದನು. ಆದ್ದರಿಂದ ಅಂತಹ ಕಡತದಲ್ಲಿ ಒಬ್ಬನೇ ಸಾಕ್ಷಿಯ ಮಾತು ಎರಡು ಬಾರಿ, ಎರಡು ಸನ್ನಿವೇಶಗಳಲ್ಲಿ ಸಿಗಬಹುದು. ಪಾಠಾಂತರಗಳನ್ನು ಹೋಲಿಸಿ ಬಲ್ಲ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಇದಕ್ಕಿಂತ ಹಿತವಾದ ಆಕರ ಬೇಕೆ?

ಹಳೆಯ ಕಾಲದ ದಾಖಲೆಗೆ ಹಿಂಬಾಗಿಲಿನ ದಾರಿಯೊಂದಿದೆ. ಅದು ಮುದ್ರಿತ ಕಾನೂನು ವರದಿಗಳದು. ಇಂಡಿಯನ್ ಲಾ ರಿಪೋರ್ಟ್ಸ್‌ನ ಮದ್ರಾಸ್ ಸಂಪುಟಗಳು 1876ರಿಂದಲೂ ಮದ್ರಾಸ್ ಲಾ ಜರ್ನಲ್ 1891ರಿಂದಲೂ ಪ್ರಕಟವಾಗಿವೆ. ಬಳ್ಳಾರಿ ಸತ್ರ ನ್ಯಾಯಾಲಯದಿಂದ ಹೋದ ಮೇಲ್ಮನವಿಗಳನ್ನು ಅವುಗಳಲ್ಲಿ ಗುರುತಿಸಿದರೆ, ಹೆಸರು, ವರ್ಷ, ಕೆಲವೊಮ್ಮೆ ಮೂಲ ಪ್ರಕರಣದ ಸಂಖ್ಯೆ ಕೈಗೆ ಬರುತ್ತದೆ. ಕಂಪನಿ ಸರ್ಕಾರದ ಕಾಲದ ನ್ಯಾಯಾಂಗ ನಡವಳಿಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲೂ ಅವುಗಳ ಪ್ರತಿಗಳಿವೆ. ಹಿನ್ನೆಲೆಗಾಗಿ ಜಾನ್ ಕೆಲ್ಸಾಲನ 1872ರ ಬಳ್ಳಾರಿ ಕೈಪಿಡಿಯನ್ನೂ ಡಬ್ಲ್ಯು. ಫ್ರಾನ್ಸಿಸನ 1904ರ ಗೆಜೆಟಿಯರನ್ನೂ ಜೊತೆಗಿಟ್ಟುಕೊಳ್ಳಬೇಕು.

ಇತ್ತೀಚಿನ ಪ್ರಕರಣಗಳಿಗೆ ಇ-ಕೋರ್ಟ್ಸ್ ಜಾಲತಾಣ ನೆರವಾಗುತ್ತದೆ. ಪಕ್ಷಗಾರರ ಹೆಸರು, ಪ್ರಥಮ ವರ್ತಮಾನ ವರದಿಯ ಸಂಖ್ಯೆ, ಪ್ರಕರಣದ ಸಂಖ್ಯೆ ಅಥವಾ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿಂದ ಹುಡುಕಬಹುದು. ಸಂಖ್ಯೆ ದೊರೆತ ಮೇಲೆ ಆ ನ್ಯಾಯಾಲಯದ ನಕಲು ಶಾಖೆಗೆ ದೃಢೀಕೃತ ಪ್ರತಿಗಾಗಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಪ್ರಕರಣದ ಸಂಖ್ಯೆ ಮತ್ತು ವರ್ಷ, ಪಕ್ಷಗಾರರ ಹೆಸರು, ತೀರ್ಪಿನ ದಿನಾಂಕ, ಬೇಕಾದ ದಾಖಲೆಯ ಖಚಿತ ವಿವರ ಇರಬೇಕು. ‘ಸಂಪೂರ್ಣ ಕಡತ ಬೇಕು’ ಎಂದು ಬರೆಯುವುದಕ್ಕಿಂತ ‘ತೀರ್ಪು ಮತ್ತು ಇಂತಿಷ್ಟನೆಯ ಸಾಕ್ಷಿಯ ಹೇಳಿಕೆ’ ಎಂದು ಬರೆಯುವುದು ಲೇಸು. ಸಂಶೋಧಕನು ಪ್ರಕರಣಕ್ಕೆ ಹೊರಗಿನವನು. ಹೊರಗಿನವರಿಗೆ ತೀರ್ಪಿನ ಪ್ರತಿ ನೀಡುವ ಷರತ್ತುಗಳನ್ನು ಹೈಕೋರ್ಟು ನಿಯಮಗಳ ಮೂಲಕ ಗೊತ್ತುಪಡಿಸಬಹುದೆಂದು ಹಳೆಯ ಸಂಹಿತೆಯ 363ನೆಯ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 404ನೆಯ ಕಲಂ. ಆದ್ದರಿಂದ ಅಧ್ಯಯನದ ಉದ್ದೇಶವನ್ನು ಸ್ಪಷ್ಟವಾಗಿ ಬರೆದು, ಮಾರ್ಗದರ್ಶಕರ ಅಥವಾ ವಿಭಾಗದ ಪತ್ರವನ್ನು ಲಗತ್ತಿಸುವುದು ಉಚಿತ. ಮಾಹಿತಿ ಹಕ್ಕಿನ ಅರ್ಜಿಯಿಂದ ಈ ಕೆಲಸ ಆಗುವುದೆಂದು ಅನೇಕರು ಭಾವಿಸುತ್ತಾರೆ. ಆದರೆ ನ್ಯಾಯಾಲಯದ ನಿಯಮಗಳಲ್ಲಿ ಪ್ರತಿ ಪಡೆಯುವ ಮಾರ್ಗವಿರುವಾಗ ಆ ಮಾರ್ಗವನ್ನೇ ಹಿಡಿಯಬೇಕೆಂದು ಸುಪ್ರೀಂ ಕೋರ್ಟು ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ 2020ರ ಮಾರ್ಚಿನಲ್ಲಿ ತೀರ್ಪಿತ್ತಿದೆ.

ಇಲ್ಲಿ ಎರಡು ಎಚ್ಚರಗಳು ಅವಶ್ಯ. ಮೊದಲನೆಯದು ಓದಿನ ಎಚ್ಚರ. ಕಡತ ಹೇಳಿದ್ದೆಲ್ಲ ಸತ್ಯವಲ್ಲ. ವರದಿ ಒಂದು ಆರೋಪ ಮಾತ್ರ, ಬಿಡುಗಡೆಯಾದವನು ಅಪರಾಧಿಯಲ್ಲ. 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆಯ ಪರಂಪರೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿತು; ಮದ್ರಾಸ್ ಪ್ರಾಂತ್ಯದಲ್ಲಿ ಕೊರವರು ಅದಕ್ಕೆ ಗುರಿಯಾದರು. ಆ ಕಾಲದ ಕಡತದಲ್ಲಿ ಕಾಣುವ ‘ಹಳೆಯ ಕಳ್ಳ’ ಎಂಬ ಮಾತು ಆಳುವವರ ಭಾಷೆಯೇ ಹೊರತು ವ್ಯಕ್ತಿಯ ಚರಿತ್ರೆಯಲ್ಲ. ಸಾಕ್ಷಿಯ ಕನ್ನಡವೂ ಅಧಿಕಾರಿಯ ಇಂಗ್ಲಿಷ್ ಟಿಪ್ಪಣಿಯ ಮೂಲಕ ಸೋಸಿ ಬಂದಿರುವ ಸಾಧ್ಯತೆಯನ್ನು ಮರೆಯಲಾಗದು. ಎರಡನೆಯದು ಬರವಣಿಗೆಯ ಎಚ್ಚರ. ಲೈಂಗಿಕ ಅಪರಾಧಗಳ ಸಂತ್ರಸ್ತರ ಹಾಗೂ ಬಾಲಕರ ಗುರುತನ್ನು ಪ್ರಕಟಿಸುವುದು ಕಾನೂನಿಗೆ ವಿರುದ್ಧ. ಕಾನೂನು ತಡೆಯದಿದ್ದಲ್ಲಿಯೂ, ಕೊಲೆಯಾದವನ ಮತ್ತು ಕೊಂದವನ ಮೊಮ್ಮಕ್ಕಳು ಇಂದು ಒಂದೇ ಊರಿನಲ್ಲಿ ಬಾಳುತ್ತಿರಬಹುದು. ಹೆಸರನ್ನು ಮರೆಸಿ ಬರೆದರೆ ಚರಿತ್ರೆಗೆ ನಷ್ಟವಿಲ್ಲ.

ಕೊನೆಯ ಮಾತು ಕಾಲದ ಕುರಿತು. ನ್ಯಾಯಾಲಯದ ಕಡತಗಳು ಶಾಸನಗಳಂತೆ ಕಲ್ಲಿನ ಮೇಲಿಲ್ಲ. ಅವಧಿ ಮೀರಿದ ಕಾಗದಗಳನ್ನು ನಾಶಪಡಿಸಲು 1917ರ ದಾಖಲೆಗಳ ನಾಶ ಕಾಯ್ದೆಯೇ ಅವಕಾಶ ಕೊಟ್ಟಿದೆ, ಮತ್ತು ಕಡತದ ಎಲ್ಲ ಭಾಗಗಳಿಗೂ ಒಂದೇ ಆಯುಸ್ಸಿಲ್ಲ. ತೀರ್ಪು ಉಳಿದು ಸಾಕ್ಷಿಗಳ ಹೇಳಿಕೆ ಅಳಿದಿರಬಹುದು. ನಮಗೆ ಹೆಚ್ಚು ಬೇಕಾದದ್ದೇ ಮೊದಲು ಹೋಗಿರಬಹುದು. ಇದು ಯಾರ ದುರುದ್ದೇಶವೂ ಅಲ್ಲ, ಸ್ಥಳಾಭಾವದ ಆಡಳಿತಕ್ರಮ. ಆದರೆ ವಿಶ್ವವಿದ್ಯಾಲಯದ ಕನ್ನಡ ಮತ್ತು ಇತಿಹಾಸ ವಿಭಾಗಗಳು ಒಂದೊಂದು ತಾಲ್ಲೂಕನ್ನು ಆರಿಸಿಕೊಂಡು, ಹೈಕೋರ್ಟಿನ ಅನುಮತಿ ಬೇಡಿ, ನಾಶಕ್ಕೆ ಮುನ್ನ ಹಳೆಯ ಸತ್ರ ಪ್ರಕರಣಗಳ ಸೂಚಿಯನ್ನಾದರೂ ಸಿದ್ಧಪಡಿಸುವುದು ಅಸಾಧ್ಯವಲ್ಲ. ಊರೂರು ತಿರುಗಿ ಶಾಸನಗಳ ಪಡಿಯಚ್ಚು ತೆಗೆದ ಹಿರಿಯರ ಶ್ರಮದಿಂದ ನಮಗೆ ಕೋಗಳಿನಾಡಿನ ಚರಿತ್ರೆ ದಕ್ಕಿತು. ಅದೇ ನಾಡಿನ ಕೂಲಿಕಾರರ, ಕುರಿಗಾಹಿಗಳ ನುಡಿಗೆ ಪಡಿಯಚ್ಚು ತೆಗೆಯುವ ಕೆಲಸ ಈ ತಲೆಮಾರಿನದು.