ಇಂದಿರಮ್ಮ ಕೊಟ್ಟ ಜಮೀನು, ಇಂದಿರಮ್ಮ ಬಿಟ್ಟ ಜಮೀನು

ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ವಯಸ್ಸಾದವರ ಬಾಯಲ್ಲಿ ಒಂದು ಮಾತು ಈಗಲೂ ಕೇಳುತ್ತದೆ: 'ಇದು ಇಂದಿರಮ್ಮ ಕೊಟ್ಟ ಜಮೀನು.' ಮಕ್ಕಳು ಯಾವ ಪಕ್ಷದ ಬಾವುಟ ಹಿಡಿದರೂ ಹಿರಿಯರ ಮಾತು ಬದಲಾಗಿಲ್ಲ. ಆದರೆ ಆ ಜಮೀನಿನ ಹಳೇ ಕಾಗದ ಬಿಚ್ಚಿ ನೋಡಿ. ಅದರಲ್ಲಿ ಇಂದಿರಾ ಗಾಂಧಿ ಹೆಸರು ಎಲ್ಲೂ ಇಲ್ಲ. ಭೂನ್ಯಾಯ ಮಂಡಳಿಯ ಆದೇಶ ಇರುತ್ತದೆ, ನಮೂನೆ 10 ಇರುತ್ತದೆ, ಕೆಳಗೆ ಒಬ್ಬ ಅಧಿಕಾರಿಯ ಸಹಿ ಇರುತ್ತದೆ.

ಹಾಗಾದರೆ ಕೊಟ್ಟವರು ಯಾರು? ಯಾರಿಗೆ ಕೊಟ್ಟರು, ಯಾರನ್ನು ಬಿಟ್ಟರು? ಇಂದಿರಾ ಗಾಂಧಿ ತಮ್ಮ ರಾಜಕಾರಣವನ್ನು ಸಮಾಜವಾದ ಅಂತ ಕರೆದುಕೊಂಡವರು. ಆ ಪದವನ್ನು ಸಂವಿಧಾನದ ಪೀಠಿಕೆಗೇ ಸೇರಿಸಿದವರು. ಒಂದೂವರೆ ತಿಂಗಳ ಮಟ್ಟಿಗಾದರೂ ನಮ್ಮ ಚಿಕ್ಕಮಗಳೂರಿನ ಸಂಸದೆ ಆಗಿದ್ದವರು. ಆ ಹಣೆಪಟ್ಟಿ ಅವರಿಗೆ ಎಷ್ಟು ಒಪ್ಪುತ್ತದೆ ಅಂತ ಅಳೆಯಲು ನಾವು ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕುಗಳ ಮಣ್ಣೇ ಸಾಕು.

ಮೊದಲು ಅವರ ಪರವಾಗಿ ಇರುವ ಲೆಕ್ಕ ನೋಡೋಣ. 1969ರ ಜುಲೈನಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದರಲ್ಲಿ ನಮ್ಮ ಕರಾವಳಿಯಲ್ಲೇ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಎರಡೂ ಇದ್ದವು. ಬ್ಯಾಂಕ್ ಅಂದರೆ ವ್ಯಾಪಾರಿಗಳ ಜಾಗ ಅಂದುಕೊಂಡಿದ್ದ ರೈತರು ಆಮೇಲೆ ಬೆಳೆ ಸಾಲ, ಪಂಪ್‌ಸೆಟ್ ಸಾಲಕ್ಕೆ ಅದೇ ಮೆಟ್ಟಿಲು ಹತ್ತಿದರು. 1971ರಲ್ಲಿ ಹಳೇ ರಾಜರ ರಾಜಧನ ರದ್ದಾಯಿತು. ಅದೇ ವರ್ಷದ ಚುನಾವಣೆಗೆ ಅವರು ಹಿಡಿದ ಘೋಷಣೆ 'ಗರೀಬಿ ಹಟಾವೋ'. ಇಷ್ಟನ್ನೇ ನೋಡಿದರೆ ಸಮಾಜವಾದಿ ಅನ್ನಲು ಯಾರೂ ಹಿಂಜರಿಯಬೇಕಿಲ್ಲ.

ಆಮೇಲೆ 1974ರ ಮೇ ಬಂತು. ಬೀರೂರು ಜಂಕ್ಷನ್, ಕಡೂರು ಸ್ಟೇಷನ್ ಇರುವ ನಮಗೆ ರೈಲ್ವೆ ನೌಕರಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ದೇಶದ ರೈಲ್ವೆ ಕಾರ್ಮಿಕರು ಕೂಲಿ ಮತ್ತು ಕೆಲಸದ ಅವಧಿಯ ವಿಚಾರಕ್ಕೆ ಮೇ 8ರಿಂದ 20 ದಿನ ಮುಷ್ಕರ ಹೂಡಿದರು. ಮುಂದೆ ನಿಂತವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಆಗಿನ ಸಮಾಜವಾದಿ ನಾಯಕ. ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿತು, ಕೆಲಸದಿಂದ ತೆಗೆಯಿತು. ಮರುವರ್ಷ ತುರ್ತು ಪರಿಸ್ಥಿತಿ. ಕಾರ್ಮಿಕರ ಕನಿಷ್ಠ ಬೋನಸ್ಸನ್ನು ಶೇ. 8.33ರಿಂದ 4ಕ್ಕೆ ಇಳಿಸಿದ್ದೂ ಆಗಲೇ. ಪೀಠಿಕೆಗೆ 'ಸಮಾಜವಾದಿ' ಪದ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಆ ಪದದ ಹೆಸರಲ್ಲಿ ಬೀದಿಗಿಳಿದಿದ್ದ ಎಷ್ಟೋ ಜನ ಆ ಹೊತ್ತಿಗೆ ಕಂಬಿಯ ಹಿಂದೆ ಇದ್ದರು. ಫರ್ನಾಂಡಿಸ್ ಕೂಡ.

ಇದು ಪಟ್ಟಣದ, ಕಾರ್ಖಾನೆಯ, ರೈಲಿನ ಕಥೆ. ಹಳ್ಳಿಯ ಕಥೆ ಬೇರೆ.

ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಎದ್ದು ನಿಂತಿದ್ದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಅವರ ಜೊತೆ ಇದ್ದರು, ಲೋಹಿಯಾ ಕೂಡ ಬಂದು ಬಂಧನಕ್ಕೆ ಒಳಗಾದರು. 'ಉಳುವವನೇ ಹೊಲದೊಡೆಯ' ಅನ್ನುವುದು ಆ ಗುಂಪಿನ ಮಾತು. ಕಾಂಗ್ರೆಸ್ ಸರ್ಕಾರವೂ 1961ರಲ್ಲಿ ಭೂಸುಧಾರಣೆ ಕಾಯ್ದೆ ಮಾಡಿತು, 1965ರಲ್ಲಿ ಜಾರಿಗೆ ತಂದಿತು. ಆದರೆ ಅದರಲ್ಲಿ ಸಂದುಗಳೇ ಹೆಚ್ಚು. ಗೇಣಿದಾರನನ್ನು ಎಬ್ಬಿಸಿ 'ನಾವೇ ಉಳುತ್ತೇವೆ' ಅನ್ನಲು ಒಡೆಯರಿಗೆ ಸಮಯವೂ ಸಿಕ್ಕಿತು, ದಾರಿಯೂ ಸಿಕ್ಕಿತು.

ಗೋಪಾಲಗೌಡರು 1972ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷ ದೇವರಾಜ ಅರಸು ಮುಖ್ಯಮಂತ್ರಿ ಆದರು. ಸಮಾಜವಾದಿಗಳು ಇಪ್ಪತ್ತು ವರ್ಷ ಕೇಳಿದ್ದನ್ನು ಕಾನೂನಾಗಿ ಮಾಡಿದ್ದು ಸಮಾಜವಾದಿ ಪಕ್ಷದವರಲ್ಲದ ಈ ಹುಣಸೂರಿನ ಮನುಷ್ಯ. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿಗೆ ಕೊಟ್ಟಿದ್ದ ಜಮೀನು ಮೊದಲು ಸರ್ಕಾರಕ್ಕೆ ಸೇರಿತು, ಅಲ್ಲಿಂದ ಉಳುವವನ ಹೆಸರಿಗೆ ಬರಬೇಕಿತ್ತು. ಅದಕ್ಕೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆ ಅದನ್ನು 'ಡಿಕ್ಲರೇಷನ್ ಹಾಕಿದ್ದು' ಅಂತಲೇ ಹೇಳುತ್ತಾರೆ. ಅರ್ಜಿ ತೀರ್ಮಾನ ಮಾಡುವುದು ಭೂನ್ಯಾಯ ಮಂಡಳಿ. ಉಪವಿಭಾಗಾಧಿಕಾರಿ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು. ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಶುರುವಿನಲ್ಲಿ ಮಂಡಳಿಯ ಮುಂದೆ ವಕೀಲರು ಬರುವಂತಿರಲಿಲ್ಲ. ಒಡೆಯ ಮತ್ತು ಗೇಣಿದಾರ ಇಬ್ಬರೂ ತಮ್ಮ ತಮ್ಮ ಬಾಯಲ್ಲೇ ಹೇಳಬೇಕು. ಒಡೆಯರ ಮುಂದೆ ಕೂತು ಮಾತಾಡದವರು ಅಲ್ಲಿ ಎದುರು ನಿಂತು ಮಾತಾಡಿದರಲ್ಲ, ನಮಗೆ ಈ ಕಾಯ್ದೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ.

ಅರ್ಜಿಯ ಕೊನೇ ದಿನ ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ಬಂದು ನಿಂತಿತು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಿದ್ದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾದವು.

ಇಲ್ಲಿ ಒಂದು ತಡೆ ಇದೆ. ನಮೂನೆ 7 ಹಾಕಲು ನೀವು ಗೇಣಿದಾರ ಆಗಿರಬೇಕು. ಒಡೆಯರ ಹೊಲದಲ್ಲಿ ದಿನಗೂಲಿ ಮಾಡಿದವರು, ವರ್ಷಕ್ಕಿಷ್ಟು ಅಂತ ಜೀತಕ್ಕೆ ಇದ್ದವರು ಏನು ಬರೆದುಕೊಡಬೇಕು? ಊರಾಚೆ ಕೇರಿಯ ಬಹಳಷ್ಟು ಮನೆಗಳು ಈ ಸಾಲಿಗೆ ಸೇರಿದವು. ಅವರಿಗೂ ಅರಸು ಸರ್ಕಾರ ಏನೂ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. ಜೀತ ರದ್ದಾಯಿತು, 1976ರಲ್ಲಿ ಋಣ ಪರಿಹಾರ ಕಾಯ್ದೆ ಬಂತು, ತಲೆಯ ಮೇಲೆ ಮಲ ಹೊರುವುದು ನಿಂತಿತು, ಹಾವನೂರು ಆಯೋಗದ ವರದಿ ಬಂತು. ಆದರೆ ಭೂಮಿ ಬಂದಿದ್ದು ಕಡಿಮೆ. ಅವರಿಗೆ ಬರಬೇಕಾಗಿದ್ದ ದಾರಿ ಇನ್ನೊಂದು: ಭೂಮಿತಿ. ನೀರಾವರಿ ಚೆನ್ನಾಗಿದ್ದರೆ ಒಂದು ಕುಟುಂಬಕ್ಕೆ 10 ಎಕರೆ, ಖುಷ್ಕಿಯಾದರೆ 54 ಎಕರೆ. ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರ ತೆಗೆದುಕೊಂಡು ಭೂಮಿ ಇಲ್ಲದವರಿಗೆ ಹಂಚಬೇಕು. ಗೇಣಿಯಿಂದ ಬಂದ ಜಮೀನಿಗೆ ಹೋಲಿಸಿದರೆ ಈ ದಾರಿಯಲ್ಲಿ ಹಂಚಿಕೆಯಾಗಿದ್ದು ತೀರಾ ಸ್ವಲ್ಪ.

ಯಾಕೆ ಅನ್ನುವುದಕ್ಕೆ ಕಾರಣ ಹಲವು. ಒಂದು ಕಾರಣ ನಮ್ಮ ಜಿಲ್ಲೆಯಲ್ಲಿ ಕಣ್ಣಿಗೇ ಕಾಣುತ್ತದೆ. ಲಿಂಗದಹಳ್ಳಿ ದಾಟಿ ಸಂತವೇರಿ ಕಡೆ ಘಾಟಿ ಹತ್ತಿ. ಕೆಳಗೆ ಅಡಿಕೆ, ತೆಂಗು, ರಾಗಿ. ಮೇಲೆ ಹೋಗುತ್ತಾ ಮರದ ನೆರಳಲ್ಲಿ ಕಾಫಿ. ಕಾಯ್ದೆಯ 104ನೇ ಕಲಮು ಪ್ಲಾಂಟೇಷನ್‌ಗಳಿಗೆ ವಿನಾಯಿತಿ ಕೊಟ್ಟಿದೆ. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ಬೆಳೆದ ಜಮೀನಿಗೆ ಭೂಮಿತಿ ಇಲ್ಲ. ಅಡಿಕೆ, ತೆಂಗು ಆ ಪಟ್ಟಿಯಲ್ಲಿಲ್ಲ. ಅಂದರೆ ಒಂದೇ ತರೀಕೆರೆ ತಾಲ್ಲೂಕಿನಲ್ಲಿ ಘಾಟಿ ಕೆಳಗಿನ ತೋಟಕ್ಕೆ ಒಂದು ಕಾನೂನು, ಮೇಲಿನ ತೋಟಕ್ಕೆ ಇನ್ನೊಂದು. ಬಯಲಿನ ಕಡೂರು, ಅಜ್ಜಂಪುರಕ್ಕೆ ಪೂರ್ತಿ ಕಾನೂನು.

ಇದು ಅರಸು ಒಬ್ಬರೇ ಮಾಡಿದ ತೀರ್ಮಾನ ಅಲ್ಲ. 1972ರ ಜುಲೈನಲ್ಲಿ ಮುಖ್ಯಮಂತ್ರಿಗಳ ಸಭೆಯ ಬಳಿಕ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಲ್ಲೇ ಟೀ, ಕಾಫಿ, ರಬ್ಬರ್, ಏಲಕ್ಕಿ, ಕೋಕೋ ತೋಟಗಳನ್ನು ಹೊರಗಿಡಬಹುದು ಅಂತ ಇತ್ತು. ಪ್ರಧಾನಿ ಇಂದಿರಾ ಗಾಂಧಿ. ಕೊಟ್ಟಿದ್ದು ಇಂದಿರಮ್ಮ ಅನ್ನುವುದಾದರೆ ಬಿಟ್ಟಿದ್ದೂ ಇಂದಿರಮ್ಮ ಅಂತ ಬರೆದುಕೊಳ್ಳಬೇಕು.

ವಿನಾಯಿತಿಗೆ ವಾದ ಇಲ್ಲವೆಂದಲ್ಲ. ಕಾಫಿ ವಿದೇಶಿ ಹಣ ತರುವ ಬೆಳೆ, ಗಿಡ ಫಸಲಿಗೆ ಬರಲು ವರ್ಷಗಳು ಬೇಕು, ತುಂಡು ಮಾಡಿದರೆ ಉತ್ಪಾದನೆ ಕೆಡುತ್ತದೆ ಅನ್ನುತ್ತಾರೆ. ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು ಅಂತಲೂ ಹೇಳುತ್ತಾರೆ, ಅದು ನಿಜ. ಆದರೆ ನಾಲ್ಕೈದು ಎಕರೆ ಕಾಫಿ ಇರುವವರಿಗೆ ಭೂಮಿತಿ ಹೇಗೂ ತಾಗುತ್ತಿರಲಿಲ್ಲ. ವಿನಾಯಿತಿ ಕಾಪಾಡಿದ್ದು ನೂರಾರು ಎಕರೆ ಎಸ್ಟೇಟುಗಳನ್ನು. ಆ ಎಸ್ಟೇಟಿನ ಲೈನ್ ಮನೆಗಳಲ್ಲಿ ಇದ್ದವರು ಗೇಣಿದಾರರಲ್ಲ, ಕೂಲಿಯವರು. ಅವರಿಗೆ ನಮೂನೆ 7ರ ದಾರಿಯೂ ಇಲ್ಲ, ಹೆಚ್ಚುವರಿ ಭೂಮಿಯ ದಾರಿಯೂ ಇಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಅದು ಗೇಣಿದಾರನ ತನಕ ಬಂದು ನಿಂತ ಸಮಾಜವಾದ. ಅಲ್ಲಿವರೆಗೆ ಬಂದದ್ದು ಸಣ್ಣದಲ್ಲ. ಆದರೆ ಅದರಾಚೆ ಇದ್ದವರಿಗೂ ಅದೇ ಹೆಸರು ಹೇಳಿ ವೋಟು ಕೇಳಲಾಯಿತು.

ವೋಟು ಅಂದಾಗ 1978 ನೆನಪಾಗಲೇಬೇಕು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ಇಂದಿರಾ ರಾಯ್‌ಬರೇಲಿಯಲ್ಲೇ ಸೋತರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಾಂಗ್ರೆಸ್ಸಿಗೆ. ಮರುವರ್ಷ ಫೆಬ್ರವರಿಯಲ್ಲಿ ವಿಧಾನಸಭೆಯ 224ರಲ್ಲಿ 149 ಇಂದಿರಾ ಕಾಂಗ್ರೆಸ್ಸಿಗೆ. ಡಿಕ್ಲರೇಷನ್ ಹಾಕಿದ ಮನೆಗಳ ವೋಟು ಇದರಲ್ಲಿ ಎಷ್ಟು ಅಂತ ಎಣಿಸಿದವರಿಲ್ಲ, ಆದರೆ ಅದಿಲ್ಲದೆ ಈ ಗೆಲುವು ಅರ್ಥವಾಗುವುದಿಲ್ಲ. ಆಗ ಡಿ.ಬಿ. ಚಂದ್ರೇಗೌಡರು ತಮ್ಮ ಚಿಕ್ಕಮಗಳೂರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ನವೆಂಬರ್ 5ಕ್ಕೆ ಉಪಚುನಾವಣೆ. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲ್. ಅವರ ಪ್ರಚಾರಕ್ಕೆ ನಿಂತವರು ಜೈಲಿಂದ ಬಂದು ಕೇಂದ್ರ ಮಂತ್ರಿ ಆಗಿದ್ದ ಅದೇ ಫರ್ನಾಂಡಿಸ್. ಒಂದು ಹೆಣ್ಣುಸಿಂಹ, ನೂರು ಲಂಗೂರ್ ಅಂತ ಹಿಂದಿಯಲ್ಲಿ ಪ್ರಾಸ ಕಟ್ಟಿದ ಘೋಷಣೆ ದೇಶವೆಲ್ಲಾ ಓಡಾಡಿತು. ಇಂದಿರಾ 77 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಡಿಸೆಂಬರ್ 19ಕ್ಕೆ ಲೋಕಸಭೆ ಹಕ್ಕುಚ್ಯುತಿಯ ಕಾರಣಕ್ಕೆ ಅವರನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ನಮ್ಮ ಜಿಲ್ಲೆಗೆ ಅವರು ಸಂಸದೆಯಾಗಿ ಏನು ಮಾಡಿದರು ಅಂತ ಕೇಳುವಷ್ಟು ದಿನವೂ ಸಿಗಲಿಲ್ಲ. 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್‌ನಿಂದ ನಿಂತರು, ಚಿಕ್ಕಮಗಳೂರಿಗೆ ತಿರುಗಿ ಬರಲಿಲ್ಲ.

ಹಣೆಪಟ್ಟಿಗಳ ವಿಚಾರಕ್ಕೆ ಆ ಚುನಾವಣೆಯ ಎದುರು ಬಣವನ್ನೂ ನೋಡಿಬಿಡಿ. ಇಂದಿರಾ ಎದುರು ನಿಂತ ವೀರೇಂದ್ರ ಪಾಟೀಲರು 1980ರಲ್ಲಿ ಅವರದೇ ಸಂಪುಟದಲ್ಲಿ ಪೆಟ್ರೋಲಿಯಂ ಮಂತ್ರಿ. ಸಮಾಜವಾದಿ ಫರ್ನಾಂಡಿಸ್ 1998ರಲ್ಲಿ ವಾಜಪೇಯಿ ಸರ್ಕಾರದ ರಕ್ಷಣಾ ಮಂತ್ರಿ. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು 2009ರಲ್ಲಿ ಬಿಜೆಪಿಯ ಸಂಸದ.

ಅರಸು ಗತಿ ಏನಾಯಿತು? 1979ರ ಮಧ್ಯದಲ್ಲಿ ಇಂದಿರಾ ಅವರನ್ನು ಪಕ್ಷದಿಂದ ತೆಗೆದರು. ಅರಸು ತಮ್ಮದೇ ಕಾಂಗ್ರೆಸ್ ಕಟ್ಟಿ 1980ರ ಜನವರಿಯ ಲೋಕಸಭಾ ಚುನಾವಣೆ ಎದುರಿಸಿದರು. 28ರಲ್ಲಿ 27 ಇಂದಿರಾಗೆ, ಒಂದು ಜನತಾಗೆ, ಅರಸುಗೆ ಒಂದೂ ಇಲ್ಲ. ಮಂಡಳಿ ಕೂರಿಸಿ ಜಮೀನು ಬರೆಸಿದ ಮನುಷ್ಯ ಅದೇ ತಿಂಗಳು ಕುರ್ಚಿ ಬಿಟ್ಟರು. ಅರಸು ಸಂತರೇನೂ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ ವಿರೋಧಿಗಳನ್ನು ಜೈಲಿಗೆ ಹಾಕಿದ್ದು ಅವರ ಸರ್ಕಾರವೇ, ಗ್ರೋವರ್ ಆಯೋಗ ಸ್ವಜನಪಕ್ಷಪಾತದ ಆರೋಪಗಳಲ್ಲಿ ಅವರ ಮೇಲೆ ಬೊಟ್ಟು ಮಾಡಿತ್ತು. ಆದರೂ ಆ 27-0 ಲೆಕ್ಕ ನೋಡಿದಾಗ ನಮಗೆ ಕಸಿವಿಸಿ ಆಗುತ್ತದೆ. ಕೆಲಸ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು. ಹೊಲದಲ್ಲಿ ಇದ್ದ ಒಡೆಯ-ಗೇಣಿದಾರರ ಸಂಬಂಧ ಪಕ್ಷದೊಳಗೂ ಇತ್ತೇನೋ.

ಇದು ಹಳೇ ಕಥೆ, ಈಗ್ಯಾಕೆ ಅನ್ನುವವರಿಗೆ ಎರಡು ವಿಷಯ.

1974ರ ತಿದ್ದುಪಡಿಯಲ್ಲೇ 79ಎ ಮತ್ತು 79ಬಿ ಅಂತ ಎರಡು ಕಲಮು ಬಂದಿದ್ದವು. ಕೃಷಿಯಲ್ಲದೆ ದೊಡ್ಡ ಆದಾಯ ಇರುವವರು, ಕಂಪನಿಗಳು ಕೃಷಿ ಜಮೀನು ಕೊಳ್ಳದಂತೆ ತಡೆದದ್ದು ಅವೇ. 104ನೇ ಕಲಮು ಆ ತಡೆಯಿಂದಲೂ ಕಾಫಿ ತೋಟಕ್ಕೆ ವಿನಾಯಿತಿ ಕೊಟ್ಟಿತ್ತು. ಎಸ್ಟೇಟನ್ನು ಹೊರಗಿನವರು, ಕಂಪನಿಗಳು ಯಾವಾಗ ಬೇಕಾದರೂ ಕೊಳ್ಳಬಹುದಿತ್ತು, ಕಡೂರಿನ ರಾಗಿ ಹೊಲ ಕೊಳ್ಳುವಂತಿರಲಿಲ್ಲ. 2020ರಲ್ಲಿ ಆ ತಡೆ ತೆಗೆದರು. ತೆಗೆದದ್ದು 2008ರಲ್ಲಿ ರೈತರ ಹೆಸರಲ್ಲಿ ಪ್ರಮಾಣವಚನ ತೆಗೆದುಕೊಂಡಿದ್ದ ಯಡಿಯೂರಪ್ಪನವರ ಸರ್ಕಾರ. ಆ ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲಿ ಮಸೂದೆಯ ಕೈ ಹಿಡಿದದ್ದು ಮಣ್ಣಿನ ಮಕ್ಕಳ ಪಕ್ಷ ಅನ್ನಿಸಿಕೊಂಡ ಜೆಡಿಎಸ್.

ಎರಡನೆಯದು ಒತ್ತುವರಿ. ಗೋಮಾಳದಂಥ ಸರ್ಕಾರಿ ಜಾಗದಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿದವರು ನಮೂನೆ 50 ಹಾಕಿದರು, 53 ಹಾಕಿದರು, 2018ರಿಂದ ಈಚೆಗೆ 57 ಹಾಕಿ ತಾಲ್ಲೂಕು ಕಚೇರಿ ಸುತ್ತುತ್ತಿದ್ದಾರೆ. ಅವರಿಗೆ ಸಿಗಬಹುದಾದದ್ದು, ಇರುವ ಸ್ವಂತ ಜಮೀನೂ ಸೇರಿ, ಹೆಚ್ಚೆಂದರೆ 4 ಎಕರೆ 38 ಗುಂಟೆ. ಸರ್ಕಾರಿ ಜಾಗ ಒತ್ತಿ ಕಾಫಿ ಬೆಳೆದವರಿಗೆ ಈಚೆಗೆ ಭೂಕಂದಾಯ ಕಾಯ್ದೆಯಲ್ಲಿ ಬೇರೆಯದೇ ಕಲಮು ಸೇರಿದೆ. ಅದರ ಪ್ರಕಾರ ಅವರು 25 ಎಕರೆವರೆಗೆ 30 ವರ್ಷದ ಗುತ್ತಿಗೆ ಪಡೆಯಬಹುದು.